ರಾಮನಗರದ ರಣಹದ್ದು, ನಿಮ್ಮ ಫೋನ್ ಕ್ಯಾಮೆರಾ

ಈ ಸಲ ಹಲವರು ಕಳಿಸಿದ ಪ್ರಶ್ನೆ ಒಂದೇ: ರಾಮದೇವರ ಬೆಟ್ಟಕ್ಕೆ ಹೋದ್ರೆ ಮೊಬೈಲಲ್ಲೇ ರಣಹದ್ದಿನ ಫೋಟೋ ತೆಗೀಬಹುದಾ?

ತೆಗೀಬಹುದು. ಆದ್ರೆ ರೀಲ್ಸಲ್ಲಿ ನೋಡೋ ಥರ ಕಣ್ಣು, ಕೊಕ್ಕು ತುಂಬಿಕೊಂಡಿರೋ ಫೋಟೋ ಸಿಗಲ್ಲ. ಯಾಕೆ ಅಂತ ಹೇಳ್ತೀನಿ.

ಬೆಂಗಳೂರಿಂದ ಮೈಸೂರು ರಸ್ತೇಲಿ ಸುಮಾರು 50 ಕಿ.ಮೀ. ಹೋದ್ರೆ ರಾಮನಗರ. 'ಶೋಲೆ' ಚಿತ್ರೀಕರಣ ಆಗಿದ್ದು ಇದೇ ಬಂಡೆಗಳ ಸೀಮೆಯಲ್ಲಿ. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನ ರಣಹದ್ದು ಧಾಮ ಅಂತ ಘೋಷಿಸಿದ್ರು. ಇಲ್ಲಿರೋದು ಮುಖ್ಯವಾಗಿ ಉದ್ದ ಕೊಕ್ಕಿನ ರಣಹದ್ದು. ಇದು ಮರದಲ್ಲಿ ಗೂಡು ಕಟ್ಟೋದು ಅಪರೂಪ, ಕಡಿದಾದ ಬಂಡೆಯ ಅಂಚೇ ಅದರ ಮನೆ. ಹಾಗಾಗಿ ಅದು ಮೇಲೆ, ನೀವು ಕೆಳಗೆ. ಆ ದೂರ ಹಾಗೇ ಇರಬೇಕು.

ನಾನು ಬಿಕಾಂ ಓದಿದ ತಲೆ, ಲೆಕ್ಕದಲ್ಲೇ ಹೇಳ್ತೀನಿ. ಒಂದು ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಕಿಡ್ನಿ ಕೆಡಿಸ್ತು. 1990ರ ದಶಕದಿಂದ ಈಚೆಗೆ ಭಾರತದಲ್ಲಿ ಈ ಜಾತಿಯ ನೂರರಲ್ಲಿ 95ಕ್ಕಿಂತ ಹೆಚ್ಚು ಹಕ್ಕಿಗಳು ಹೋದ್ವು. 2006ರಲ್ಲಿ ಪಶುಗಳಿಗೆ ಆ ಔಷಧಿ ಕೊಡೋದನ್ನ ನಿಷೇಧಿಸಿದ್ರು. ಬಂಡವಾಳ ಇಷ್ಟು ಕರಗಿದ ಮೇಲೆ, ಬರೋ ಆದಾಯ ವರ್ಷಕ್ಕೊಂದು ಮರಿ. ನಿಮ್ಮ ಡ್ರೋನ್ ಸದ್ದಿಗೋ, ಬಂಡೆ ಹತ್ತಿದ್ದಕ್ಕೋ ತಾಯಿಹಕ್ಕಿ ಗೂಡು ಬಿಟ್ಟೆದ್ರೆ ಆ ವರ್ಷದ ಖಾತೆ ಅಲ್ಲಿಗೇ ಸೊನ್ನೆ.

ಸರಿ, ಫೋಟೋಗೆ ಬರೋಣ. ಬೆಳಗ್ಗೆ ಆರಕ್ಕೇ ಹೋಗಿ ಹದ್ದು ಹಾರ್ತಿಲ್ಲ ಅಂತ ಬೇಜಾರಾಗ್ಬೇಡಿ. ಭಾರದ ಹಕ್ಕಿ ಇದು, ರೆಕ್ಕೆ ಬಡಿದು ಹಾರೋದು ದುಬಾರಿ ಕೆಲಸ. ಬಿಸಿಲಿಗೆ ಬಂಡೆ ಕಾದು ಗಾಳಿ ಮೇಲೇಳೋ ತನಕ ಕೂತೇ ಇರುತ್ತೆ. ಸಾಮಾನ್ಯವಾಗಿ ಒಂಬತ್ತು, ಹತ್ತರ ಮೇಲೆ ಸುತ್ತೋಕೆ ಶುರು. ಬಂಡೆ ಮೇಲೆ ಸುಣ್ಣ ಸುರಿದಂಥ ಬಿಳಿ ಪಟ್ಟೆಗಳು ಕಂಡ್ರೆ ಅದು ಹಿಕ್ಕೆ, ಅಲ್ಲಿ ಹಕ್ಕಿ ಕೂರುತ್ತೆ ಅಂತ ಅರ್ಥ. ಆಕಾಶದಲ್ಲಿ ಕಂಡಿದ್ದೆಲ್ಲ ರಣಹದ್ದಲ್ಲ: ಬಾಲ ಕವಲೊಡೆದಿದ್ರೆ ಅದು ನಮ್ಮ ಊರಿನ ಮಾಮೂಲಿ ಹದ್ದು. ರಣಹದ್ದಿನ ಬಾಲ ಗಿಡ್ಡ, ರೆಕ್ಕೆ ಅಗಲ, ತುದಿಯ ಗರಿಗಳು ಬೆರಳು ಬಿಡಿಸಿದ ಹಾಗೆ.

ಬಿಳಿ ಆಕಾಶದ ಎದುರು ಫೋನ್ ಹಕ್ಕಿಯನ್ನ ಕಪ್ಪು ಮಸಿ ಮಾಡಿಬಿಡುತ್ತೆ. ಪರದೆ ಮೇಲೆ ಹಕ್ಕಿಯನ್ನೇ ಒತ್ತಿ, ಬೆಳಕಿನ ಗುರುತನ್ನ ಸ್ವಲ್ಪ ಮೇಲಕ್ಕೆ ಎಳೀರಿ. ಪ್ರೊ ಮೋಡ್ ಇದ್ರೆ ಶಟರ್ 1/1000 ಇಡಿ, ಬರ್ಸ್ಟ್ ಹೊಡೀರಿ. ಡಿಜಿಟಲ್ ಝೂಮ್ ಎಳೆಯೋದು ದಂಡ, ಆಮೇಲೆ ಕ್ರಾಪ್ ಮಾಡಿದ್ರೂ ಹೆಚ್ಚುಕಡಿಮೆ ಅದೇ. ಅದಕ್ಕಿಂತ ಬೈನಾಕ್ಯುಲರ್ ಒಂದನ್ನ ಸ್ನೇಹಿತರ ಹತ್ರ ಇಸ್ಕೊಳ್ಳಿ. ಕಣ್ಣಿಡೋ ಕಡೆ ಫೋನಿನ ಲೆನ್ಸ್ ಜೋಡಿಸಿ, ಬೈನಾಕ್ಯುಲರನ್ನ ಕಲ್ಲಿಗೋ ಬ್ಯಾಗಿಗೋ ಒರಗಿಸಿ. ಕೂತ ಹಕ್ಕಿಗೆ ಇದು ಚೆನ್ನಾಗಿ ಬರುತ್ತೆ. ಹಾರೋದಕ್ಕೆ ಮಾತ್ರ ಕಷ್ಟ.

ಎಲ್ಲಿವರೆಗೆ ಹೋಗಬಹುದು, ಕ್ಯಾಮೆರಾಗೆ ಅನುಮತಿ ಬೇಕಾ ಅನ್ನೋದನ್ನ ಅರಣ್ಯ ಇಲಾಖೆ ಸಿಬ್ಬಂದೀನ ಕೇಳ್ಕೊಂಡೇ ಒಳಗೆ ಹೋಗಿ. ಇನ್ನೊಂದು, ಫೋಟೋದಲ್ಲಿ ಗೂಡು ಕಾಣ್ತಿದ್ರೆ ಹಾಕೋ ಮುಂಚೆ ಲೊಕೇಶನ್ ತೆಗೆದುಹಾಕಿ. ಆಗ ಅದನ್ನ ನೋಡಿಕೊಂಡು ನಾಳೆ ಯಾರೂ ಅದೇ ಬಂಡೆ ಹತ್ತಲ್ಲ.