ಲಿಂಬೆಯ ವಾಸನೆ ಓದುವ ಕೊಳವೆ

ಲಿಂಬೆಯ ಸಿಪ್ಪೆಗೆ ಉಗುರು ತಾಗಿದರೆ ಸಾಕು, ಒಳಗಿನ ಎಣ್ಣೆಗುಳ್ಳೆಗಳು ಒಡೆದು ಲಿಮೊನೀನ್, ಪೈನೀನ್, ಟರ್ಪಿನೀನ್, ಸಿಟ್ರಾಲ್ ಎಲ್ಲ ಆವಿಯಾಗಿ ಗಾಳಿಗೆ ಸೇರುತ್ತವೆ. ಮೂಗಿಗೆ ಒಂದೇ ವಾಸನೆಯಾಗಿ ಬರುವ ಈ ಆವಿಗಳನ್ನು ಬಿಡಿಸಿ ಓದುವ ಉಪಕರಣವೊಂದಿದೆ: ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್. ವಿಮಾನ ನಿಲ್ದಾಣಗಳಲ್ಲಿ ಬ್ಯಾಗು ಒರೆಸಿದ ಪಟ್ಟಿಯಲ್ಲಿ ಸ್ಫೋಟಕದ ಸುಳಿವು ಹುಡುಕುವ ಎಷ್ಟೋ ಯಂತ್ರಗಳದೂ ಇದೇ ತತ್ವ. 1970ರಲ್ಲಿ ವಿಜ್ಞಾನಿಗಳಾದ ಕೋಹೆನ್ ಮತ್ತು ಕರಾಸೆಕ್ ಈ ತಂತ್ರವನ್ನು ಪ್ಲಾಸ್ಮಾ ಕ್ರೊಮ್ಯಾಟೋಗ್ರಫಿ ಎಂದು ಕರೆದಿದ್ದರು.

ಸಿಪ್ಪೆಯ ಚೂರೊಂದನ್ನು ಗಾಜಿನ ಸೀಸೆಯಲ್ಲಿಟ್ಟು, ಬಿರಡೆ ಬಿಗಿದು, ಸ್ವಲ್ಪ ಬಿಸಿ ಮಾಡುತ್ತಾರೆ. ಆಮೇಲೆ ಆ ಚೂರಿಗೆ ಕೈ ಹಚ್ಚುವುದಿಲ್ಲ. ಅದರ ಮೇಲೆ ತುಂಬಿಕೊಂಡ ಗಾಳಿಯನ್ನಷ್ಟೇ ಸಿರಿಂಜಿನಿಂದ ಎಳೆಯುತ್ತಾರೆ. ಯಂತ್ರದೊಳಗೆ ಟ್ರಿಟಿಯಂ ಅಥವಾ ನಿಕಲ್-63ರ ಚಿಕ್ಕ ವಿಕಿರಣ ಮೂಲವಿರುತ್ತದೆ. ಅದರಿಂದ ಹೊರಟ ಎಲೆಕ್ಟ್ರಾನುಗಳ ದೆಸೆಯಿಂದ, ನೀರಿನ ಅಣುಗಳು ಸುತ್ತುಗಟ್ಟಿದ ಪ್ರೋಟಾನುಗಳು ಹುಟ್ಟುತ್ತವೆ. ಲಿಂಬೆಯ ಆವಿ ಬಂದೊಡನೆ ಪ್ರೋಟಾನು ನೀರನ್ನು ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ವಿದ್ಯುದಂಶ ಪಡೆದ ಅಣುಗಳೇ ಅಯಾನುಗಳು.

ಮುಂದೆ ಕೆಲವೇ ಸೆಂಟಿಮೀಟರ್ ಉದ್ದದ ಕೊಳವೆ. ಬಾಗಿಲಿನಂಥ ಜಾಲರಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ತೆರೆದು ಮುಚ್ಚುತ್ತದೆ. ನುಗ್ಗಿದ ಅಯಾನುಗಳನ್ನು ಸೆಂಟಿಮೀಟರಿಗೆ ಕೆಲವು ನೂರು ವೋಲ್ಟಿನ ವಿದ್ಯುತ್ ಕ್ಷೇತ್ರ ಮುಂದಕ್ಕೆಳೆಯುತ್ತದೆ. ಎದುರಿನಿಂದ ಶುದ್ಧ ನೈಟ್ರೋಜನ್ ಬೀಸುತ್ತಿರುತ್ತದೆ. ಎದುರುಗಾಳಿಯಲ್ಲಿ ಕಣಿಕೆ ಹೊತ್ತು ನಡೆದವರಿಗೆ ಇದು ಗೊತ್ತು: ತೂಕ ಒಂದೇ ಆದರೂ ಬಿಗಿದು ಕಟ್ಟಿದ ಹೊರೆ ಬೇಗ ಸಾಗುತ್ತದೆ, ಹರಡಿಕೊಂಡಿದ್ದು ತಡವರಿಸುತ್ತದೆ. ಅಯಾನುಗಳೂ ಹಾಗೆಯೇ; ಕೊನೆಯ ಲೋಹದ ತಟ್ಟೆಗೆ ಯಾವುದು ಎಷ್ಟು ಮಿಲಿಸೆಕೆಂಡಿಗೆ ಮುಟ್ಟಿತು ಎಂಬುದೇ ಅದರ ಗುರುತು.

ಈ ಜಾಣ್ಮೆಯೇ ನನಗೆ ಬಹಳ ಇಷ್ಟ. ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಗಾಳಿಯನ್ನು ಅಡ್ಡಿಯೆಂದು ಪಂಪು ಹಚ್ಚಿ ಹೊರಹಾಕುತ್ತದೆ. ಇದು ಅದೇ ಗಾಳಿಯನ್ನು ಅಳತೆಗೋಲು ಮಾಡಿಕೊಂಡಿತು. ನಿರ್ವಾತ ಬೇಡವಾದ್ದರಿಂದ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಬಲ್ಲದು. ಆದರೂ ನೂರು ಕೋಟಿ ಅಣುಗಳಲ್ಲಿ ಕೆಲವೇ ಕೆಲವು ಇದ್ದರೂ ಎಷ್ಟೋ ವಸ್ತುಗಳನ್ನು ಪತ್ತೆಹಚ್ಚುತ್ತದೆ.

ಆದರೆ ಲಿಂಬೆ ಸುಲಭದ ಪರೀಕ್ಷೆಯಲ್ಲ. ಲಿಮೊನೀನ್, ಪೈನೀನ್, ಟರ್ಪಿನೀನ್ ಮೂರರಲ್ಲೂ ಹತ್ತು ಕಾರ್ಬನ್, ಹದಿನಾರು ಹೈಡ್ರೋಜನ್. ತೂಕ ಒಂದೇ, ಆಕಾರದಲ್ಲೂ ತುಸುವೇ ಅಂತರ. ಅದಕ್ಕೇ ಮೊದಲು ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಸಪೂರ ಕೊಳವೆಯಲ್ಲಿ ಹಾಯಿಸಿ, ಒಂದೊಂದನ್ನೇ ಒಳಬಿಡುತ್ತಾರೆ. ಆವಿ ಹೆಚ್ಚಾದರೆ ಎರಡು ಅಣು ಒಂದೇ ಪ್ರೋಟಾನನ್ನು ಹಂಚಿಕೊಂಡು ಜೋಡಿಯಾಗಿ ನಿಧಾನ ಬರುವುದೂ ಉಂಟು. ಒಂದೇ ವಸ್ತು ತೆರೆಯ ಮೇಲೆ ಎರಡು ಶಿಖರವಾಗಿ ಕಂಡಾಗ ಪಳಗಿದ ಕಣ್ಣು ಮೋಸಹೋಗುವುದಿಲ್ಲ.

ತೇವ ಹೆಚ್ಚಾದರೂ ಓದು ಮಸುಕಾಗುತ್ತದೆ. ಹಣ್ಣು ಮಾಗಿಸುವ ಎಥಿಲೀನ್ ಅಂತೂ ಪ್ರೋಟಾನನ್ನು ನೀರಿನಷ್ಟೂ ಬಲವಾಗಿ ಹಿಡಿಯಲಾರದು; ಹಾಗಾಗಿ ಈ ವಿಧಾನದಲ್ಲಿ ಅದು ಕಾಣುವುದಿಲ್ಲ. ಲಿಂಬೆಯ ಗೋದಾಮಿನಲ್ಲಿ ಎಥಿಲೀನ್ ಅಳೆಯಲು ಬೇರೆಯೇ ಸೆನ್ಸರ್ ಬೇಕು.