ಬೋಸ್ ರಸ್ತೆಯಲ್ಲಿ ಸಿಕ್ಕ ಇನ್ನೊಬ್ಬ ಜರ್ಮನ್

ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಒರಗಡಂನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಜರ್ಮನಿಯಿಂದ ಆಡಿಟ್‌ಗೆ ಬರುವವರಿಗೆ ಭಾನುವಾರ ಊರು ತೋರಿಸುವ ಕೆಲಸವೂ ಹೇಗೋ ನನ್ನ ತಲೆಗೇ ಕಟ್ಟಿಕೊಂಡಿದೆ. ಮರೀನಾ, ಕಪಾಲೀಶ್ವರ ದೇವಸ್ಥಾನ ಮುಗಿದ ಮೇಲೆ ಅವರನ್ನು ತಪ್ಪದೇ ಹೈಕೋರ್ಟಿನ ಕಾಂಪೌಂಡ್ ಗೋಡೆಯ ಹತ್ತಿರ ಕರೆದೊಯ್ಯುತ್ತೇನೆ. ಅಲ್ಲೊಂದು ಫಲಕವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಮೇಲೆ ಶೆಲ್ ದಾಳಿ ಮಾಡಿದ್ದರ ಗುರುತು ಅದು. ಅಂದು ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಇಂದಿಗೂ ಇಲ್ಲಿನ ಹಳಬರು ಗಟ್ಟಿ ಆಸಾಮಿಯನ್ನು ‘ಎಮ್ಡನ್’ ಅನ್ನುತ್ತಾರೆ. ಈ ಕಥೆ ಹೇಳಿದರೆ ಬಂದವರೆಲ್ಲ ನಕ್ಕು ಒಂದು ಫೋಟೊ ತೆಗೆದುಕೊಳ್ಳುತ್ತಾರೆ.

ಕಳೆದ ಡಿಸೆಂಬರ್‌ನಲ್ಲಿ ಬಂದವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಅವರು ನಗಲಿಲ್ಲ. ಪಕ್ಕದ ರಸ್ತೆಯ ಹೆಸರನ್ನು ಓದಿ, “ಎನ್‌ಎಸ್‌ಸಿ ಬೋಸ್ ಅಂದರೆ ಬರ್ಲಿನ್‌ಗೆ ಬಂದಿದ್ದ ಬೋಸ್ ಅವರೇ?” ಎಂದರು. ಹೌದೆಂದೆ. “ಹಾಗಿದ್ದರೆ ನಿಮಗೆಲ್ಲ ಆಡಮ್ ಫಾನ್ ಟ್ರಾಟ್ ಗೊತ್ತಿರಬೇಕು” ಎಂದರು.

ನನಗೆ ಗೊತ್ತಿರಲಿಲ್ಲ. ನಾಚಿಕೆಯೂ ಆಯಿತು. ಶಿವಮೊಗ್ಗದ ನಮ್ಮ ಮನೆಯ ನಡುಮನೆಯಲ್ಲಿ ನೇತಾಜಿ ಫೋಟೊಕ್ಕೆ ಅಪ್ಪ ಪ್ರತಿ ಜನವರಿ 23ಕ್ಕೆ ಹಾರ ಹಾಕುತ್ತಾರೆ. ಬರ್ಲಿನ್ ವಿಷಯ ಮಾತ್ರ ಮನೆಯಲ್ಲಿ ಬರುತ್ತಿರಲಿಲ್ಲ. ಕಾಲೇಜು ದಿನಗಳಲ್ಲಿ ಒಮ್ಮೆ ನಾನು “ಹಿಟ್ಲರನ ಹತ್ತಿರ ಯಾಕೆ ಹೋದರು?” ಎಂದು ಕೇಳಿ, ಎರಡು ದಿನ ಅಪ್ಪ ಮಾತು ಬಿಟ್ಟಿದ್ದರು.

ಅಂದು ರಾತ್ರಿ ಕೂತು ಓದಿದೆ. ನೇತಾಜಿ ಕಾಬೂಲ್, ಮಾಸ್ಕೋ ದಾರಿಯಲ್ಲಿ ಬರ್ಲಿನ್ ತಲುಪಿದ್ದು 1941ರ ಏಪ್ರಿಲ್‌ನಲ್ಲಿ. ಅವರ ವ್ಯವಹಾರ ನೋಡಿಕೊಳ್ಳಲು ಜರ್ಮನ್ ವಿದೇಶಾಂಗ ಖಾತೆ ಭಾರತಕ್ಕೆಂದೇ ಒಂದು ವಿಶೇಷ ವಿಭಾಗ ತೆರೆಯಿತು. ಅದರ ಮುಖ್ಯಸ್ಥ ಟ್ರಾಟ್, ಆಕ್ಸ್‌ಫರ್ಡ್‌ನಲ್ಲಿ ಓದಿದ ವಕೀಲ, ಆಗಿನ್ನೂ ಮೂವತ್ತೆರಡರ ಹರೆಯ. ನಾಜಿ ಪಕ್ಷದ ಸದಸ್ಯನೂ ಹೌದು. ಆದರೆ ಆ ಸದಸ್ಯತ್ವ ಒಂದು ಮರೆ. ಹಿಟ್ಲರ್ ನಂತರದ ಜರ್ಮನಿ ಹೇಗಿರಬೇಕೆಂದು ಗುಟ್ಟಾಗಿ ಚರ್ಚಿಸುತ್ತಿದ್ದ ಕ್ರೈಸೌ ಬಳಗದಲ್ಲಿ ಆತನಿದ್ದ. ಸರ್ಕಾರಿ ಕೆಲಸದ ನೆಪದಲ್ಲಿ ಸ್ವಿಟ್ಜರ್ಲೆಂಡ್, ಸ್ವೀಡನ್‌ಗೆ ಹೋಗಿ ಮಿತ್ರರಾಷ್ಟ್ರಗಳ ಕಿವಿಗೆ ವಿಷಯ ಮುಟ್ಟಿಸಲು ನೋಡಿದ. ಅವರು ನಂಬಲಿಲ್ಲ.

1944ರ ಜುಲೈ 20ರಂದು ಸ್ಟೌಫೆನ್‌ಬರ್ಗ್ ಚೀಲದಲ್ಲಿ ಒಯ್ದಿಟ್ಟ ಬಾಂಬ್ ಸಿಡಿದರೂ ಹಿಟ್ಲರ್ ಉಳಿದ. ಸ್ಟೌಫೆನ್‌ಬರ್ಗ್‌ನ ಗೆಳೆಯನಾಗಿದ್ದ ಟ್ರಾಟ್ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ. ಹೆಂಡತಿಯನ್ನು ಜೈಲಿಗೆ ಹಾಕಿದರು, ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಕಿತ್ತುಕೊಂಡು ಹೋದರು. ಮರಣದಂಡನೆ ವಿಧಿಸಿದ ದಿನ ಆಗಸ್ಟ್ 15. ಆಗಸ್ಟ್ 26ರಂದು ಬರ್ಲಿನ್‌ನ ಪ್ಲೊಟ್ಸೆನ್ಸೇ ಜೈಲಿನಲ್ಲಿ ನೇಣು.

ಓದುತ್ತಾ ಅಮ್ಮನ ತವರಿನ ಕಡೆಯ ಈಸೂರು ನೆನಪಾಯಿತು. 1942ರಲ್ಲಿ ತಾವೇ ಸ್ವತಂತ್ರರೆಂದು ಸಾರಿಕೊಂಡ ಆ ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಅದಕ್ಕೆ ಎರಡು ವಾರ ಮೊದಲು, ಫೆಬ್ರವರಿ 22ರಂದು, ಮ್ಯೂನಿಕ್‌ನಲ್ಲಿ ಸೋಫಿ ಶೋಲ್ ಎಂಬ ಇಪ್ಪತ್ತೊಂದರ ಹುಡುಗಿಯ ತಲೆ ಕಡಿದಿದ್ದರು. ಆಕೆಯ ಅಣ್ಣ ಹಾನ್ಸ್, ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್ ಕೂಡ ಅದೇ ದಿನ ಹೋದರು. ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚಿದ್ದೇ ಅಣ್ಣತಂಗಿಯರ ಅಪರಾಧ.

ಮರುದಿನ ಏರ್‌ಪೋರ್ಟ್‌ಗೆ ಬಿಡುವಾಗ ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಈಸೂರಿನ ಕಥೆ ಪೂರ್ತಿ ಕೇಳಿಸಿಕೊಂಡು, “ನಿಮ್ಮ ಊರಿನವರ ಹಿಂದೆ ಊರಿತ್ತು. ಇವರ ಹಿಂದೆ ಯಾರೂ ಇರಲಿಲ್ಲ. ನನ್ನ ತಾತ ರೈಲ್ವೆಯಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ. ಸಾಯುವ ತನಕ ಇವರನ್ನು ದ್ರೋಹಿಗಳು ಎಂದೇ ಕರೆದ” ಎಂದರು. ತಾತನೊಬ್ಬನದೇ ಮಾತಲ್ಲ ಅದು. ಜುಲೈ 20ರವರು ದ್ರೋಹಿಗಳಲ್ಲವೆಂದು ಕೋರ್ಟಿನಲ್ಲಿ ವಾದಿಸಿ ಗೆಲ್ಲಲು ಫ್ರಿಟ್ಸ್ ಬವರ್ ಎಂಬ ಪ್ರಾಸಿಕ್ಯೂಟರ್ ಬೇಕಾಯಿತು. ಅದು 1952ರಲ್ಲಿ, ಯುದ್ಧ ಮುಗಿದು ಏಳು ವರ್ಷದ ಮೇಲೆ.

ಪರದೇಶದವರ ವಿರುದ್ಧ ಎದ್ದು ನಿಲ್ಲುವುದು ಕಷ್ಟ. ತನ್ನ ದೇಶ ಯುದ್ಧದಲ್ಲಿರುವಾಗ, ತನ್ನದೇ ಬಾವುಟದ ಕೆಳಗೆ ನಿಂತು, ಈ ಸರ್ಕಾರ ಸೋಲಲಿ ಎಂದು ಬಯಸುವುದು ಎಂಥ ಒಂಟಿತನವೋ.

ಸಂಕ್ರಾಂತಿಗೆ ಊರಿಗೆ ಹೋದಾಗ ಧೈರ್ಯ ಮಾಡಿ ಅಪ್ಪನಿಗೆ ಟ್ರಾಟ್ ಕಥೆ ಹೇಳಿದೆ. ಮತ್ತೆ ಮಾತು ಬಿಡುತ್ತಾರೇನೋ ಎಂಬ ಅಳುಕಿತ್ತು. ಎಂಬತ್ತರ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಬ್ರಿಟಿಷರಿಂದ ತನ್ನ ದೇಶ ಬಿಡಿಸಬೇಕು ಅಂತ ಇವರು, ಹಿಟ್ಲರನಿಂದ ಬಿಡಿಸಬೇಕು ಅಂತ ಅವನು. ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದ್ರು ಅನ್ನು” ಎಂದರು.

“ಹ್ಞೂಂ ಅಪ್ಪಾ.”

“ನೀನು ಅವತ್ತು ಕೇಳಿದ ಪ್ರಶ್ನೆ ತಪ್ಪಲ್ಲ ಕಣೋ. ನನ್ನ ಹತ್ರ ಉತ್ತರ ಇರಲಿಲ್ಲ, ಅಷ್ಟೆ.”

ಜನವರಿ 23ಕ್ಕೆ ಫೋನ್ ಮಾಡಿದಾಗ ಅಮ್ಮ ಹೇಳಿದರು, ಎಂದಿನಂತೆ ಹಾರ ಹಾಕಿದ್ದಾರೆ ಎಂದು. ಮೊಮ್ಮಗಳನ್ನು ಕೂರಿಸಿಕೊಂಡು ಆ ಜರ್ಮನ್ ಹುಡುಗನ ಕಥೆಯನ್ನೂ ಹೇಳುತ್ತಿದ್ದಾರಂತೆ.