ಹನ್ನೊಂದು ಚಿತ್ರಗಳ ಪುಸ್ತಕ

ಹಿಂದೆ ನಮ್ಮೆಲ್ಲರ ಮನೆಯ ಕಪಾಟಿನಲ್ಲಿ ಒಂದು ಆಲ್ಬಮ್ ಇರುತ್ತಿತ್ತು. ನೆಂಟರು ಬಂದಾಗ ಅದು ಹೊರಬರುತ್ತಿತ್ತು. ಹಿರಿಯರು ಒಂದೊಂದು ಚಿತ್ರಕ್ಕೂ ಬೆರಳಿಟ್ಟು ಇದು ಯಾರು, ಯಾವ ವರ್ಷ ಎಂದು ಹೇಳುತ್ತಿದ್ದರು. ಇಂದು ನಾವು ಒಂದೇ ಪ್ರವಾಸದಲ್ಲಿ ನಾನೂರು ಚಿತ್ರ ತೆಗೆಯುತ್ತೇವೆ, ಎರಡನೇ ಸಲ ನೋಡುವುದು ಮಾತ್ರ ಅಪರೂಪ.

ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. 2024ರ ಡಿಸೆಂಬರಿನಲ್ಲಿ ಕಾಸರಗೋಡಿನಿಂದ ರೈಲು ಹತ್ತಿ ನಾವು ಆರು ಮಂದಿ ಗೋವಾಕ್ಕೆ ಹೋದೆವು. ಹತ್ತು ವರ್ಷಗಳಿಗೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನದ ಸಮಯ ಅದು. "ಇನ್ನು ಹತ್ತು ವರ್ಷ ಕಾಯಲು ನನ್ನಿಂದಾಗದು, ಈ ಸಲವೇ ಕರೆದುಕೊಂಡು ಹೋಗಿ" ಎಂದು ಅಜ್ಜಿ ಹಟ ಹಿಡಿದಿದ್ದರು. ಚಿತ್ರಗಳನ್ನೆಲ್ಲ ಒಂದೇ ಮೊಬೈಲಿನಲ್ಲಿ ತೆಗೆದೆವು. ಎರಡು ತಿಂಗಳ ಬಳಿಕ ಆ ಮೊಬೈಲ್ ಬಾವಿಕಟ್ಟೆಯಿಂದ ಜಾರಿ ನೀರಿಗೆ ಬಿತ್ತು. ಉಳಿದದ್ದು, ಮುಂಬೈಯ ಅತ್ತೆಗೆ ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ್ದ ಹನ್ನೊಂದು ಚಿತ್ರಗಳು ಮಾತ್ರ.

ಆ ಹನ್ನೊಂದನ್ನಾದರೂ ಕಾಗದದ ಮೇಲೆ ಉಳಿಸೋಣ ಎಂದು ನಾವೇ ಒಂದು ಪುಸ್ತಕ ಮಾಡಲು ಹೊರಟೆವು.

ನಮಗಿಂತ ಮುಂಚೆ ನಡೆದವರು

ಇದೇನೂ ಹೊಸ ಯೋಚನೆಯಲ್ಲ. ಅಮೆರಿಕದ ಕಲಾವಿದ ಎಡ್ ರುಶೇ ಲಾಸ್ ಏಂಜಲಿಸ್‌ನಲ್ಲಿ ವಾಸವಾಗಿದ್ದರು. ಅಲ್ಲಿಂದ ಒಕ್ಲಹೋಮಕ್ಕೆ ಹೋಗುವ ದಾರಿಯಲ್ಲಿನ ಪೆಟ್ರೋಲ್ ಬಂಕುಗಳ ಚಿತ್ರ ತೆಗೆದು, 1963ರಲ್ಲಿ ಇಪ್ಪತ್ತಾರು ಚಿತ್ರಗಳ ಪುಟ್ಟ ಪುಸ್ತಕವನ್ನು ತಾವೇ ಪ್ರಕಟಿಸಿದರು. ಮೊದಲು ಅಚ್ಚಾದದ್ದು 400 ಪ್ರತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ತನ್ನ ಸಂಗ್ರಹಕ್ಕೆ ಸ್ವೀಕರಿಸಲಿಲ್ಲ. ಇಂದು ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿವೆ.

ನಮ್ಮ ದೇಶದ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಕ್ರಮ ನಮಗೆ ಇನ್ನೂ ಹತ್ತಿರದ್ದು. ಅವರು ಪ್ರವಾಸದಿಂದ ಬಂದ ಮೇಲೆ ಚಿಕ್ಕ ಚಿತ್ರಗಳನ್ನು ಮಡಿಕೆ ಪುಸ್ತಕವಾಗಿ ಅಂಟಿಸಿ, ಜೊತೆಗೆ ಬಂದ ಗೆಳೆಯರಿಗೆ ಒಂದು ಪ್ರತಿ ಕೊಟ್ಟು, ಒಂದನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಂಥ ಏಳು ಪುಸ್ತಕಗಳು 2008ರಲ್ಲಿ 'ಸೆಂಟ್ ಎ ಲೆಟರ್' ಎಂಬ ಹೆಸರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಪ್ರಕಟವಾದವು. ಅವುಗಳಲ್ಲೊಂದು ಪದ್ಮನಾಭಪುರದ್ದು. ಅಲ್ಲಿನ ಅರಮನೆ ಇರುವುದು ತಮಿಳುನಾಡಿನ ನೆಲದಲ್ಲಿ, ನೋಡಿಕೊಳ್ಳುವುದು ಕೇರಳ ಸರಕಾರ. ಗಡಿನಾಡಿನವರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ! ಏಳರಲ್ಲಿ ಇನ್ನೊಂದು ಪುಸ್ತಕ ಅವರ ತಾಯಿ ನೋನಿ ಸಿಂಗ್ ತೆಗೆದ ಚಿತ್ರಗಳದ್ದು.

ಮಾಡುವ ಬಗೆ

ಒಂದು ಎ-4 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟಗಳಾಗುತ್ತವೆ. ಆದ್ದರಿಂದ ಒಟ್ಟು ಪುಟಗಳು ನಾಲ್ಕರಿಂದ ಭಾಗವಾಗುವಂತಿರಬೇಕು. ನಾವು ನಾಲ್ಕು ಹಾಳೆಗಳಿಂದ 16 ಪುಟ ಮಾಡಿದೆವು. ಮೊದಲು ಖಾಲಿ ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಇಟ್ಟು, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆಯಿರಿ. ಬಿಚ್ಚಿ ನೋಡಿದರೆ 16ರ ಪಕ್ಕದಲ್ಲಿ 1, ಅದರ ಹಿಂಬದಿಯಲ್ಲಿ 2 ಮತ್ತು 15 ಇರುತ್ತವೆ. ಹೀಗೆ ಅಕ್ಕಪಕ್ಕದ ಎರಡು ಸಂಖ್ಯೆ ಕೂಡಿಸಿದರೆ ಎಲ್ಲ ಕಡೆಯೂ 17 ಬರಬೇಕು. ಈ ಮಾದರಿ ಕೈಯಲ್ಲಿದ್ದರೆ ಅಚ್ಚು ಹಾಕುವಾಗ ತಪ್ಪುವುದಿಲ್ಲ.

ಚಿತ್ರ ಸ್ಪಷ್ಟವಾಗಿ ಅಚ್ಚಾಗಲು ಒಂದು ಇಂಚಿಗೆ 300 ಚುಕ್ಕಿಗಳಾದರೂ ಇದ್ದರೆ ಒಳ್ಳೆಯದು. ವಾಟ್ಸ್‌ಆಪ್‌ನಲ್ಲಿ ಬಂದ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆ. ನಮ್ಮವು 1600 ಚುಕ್ಕಿ ಅಗಲ ಇದ್ದುದರಿಂದ ಐದು ಇಂಚಿನಷ್ಟು ಅಗಲಕ್ಕೆ ನಿಲ್ಲಿಸಿದೆವು. ಕೆಳಗೆ ಉಳಿದ ಜಾಗ ಬರವಣಿಗೆಗೆ ಒದಗಿತು. ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಏಳು ಪ್ರತಿ ತೆಗೆಸಿದೆವು. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ದಪ್ಪ ನೂಲಿನಿಂದ ಹೊಲಿದದ್ದು ಮಕ್ಕಳ ಕೆಲಸ.

ಕೆಳಗಿನ ಎರಡು ಸಾಲು

ಇಷ್ಟೆಲ್ಲ ಕೈಕೆಲಸ. ನಿಜವಾದ ಕೆಲಸ ಇದ್ದದ್ದು ಚಿತ್ರದ ಕೆಳಗೆ ಏನು ಬರೆಯುವುದು ಎಂಬುದರಲ್ಲಿ. 'ಗೋವಾ ಪ್ರವಾಸ, 2024' ಎಂದಷ್ಟೇ ಬರೆದರೆ ಮೊಮ್ಮಕ್ಕಳಿಗೆ ಏನು ತಿಳಿದೀತು? ಹಾಗಾಗಿ ಒಂದು ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಒಂದೊಂದೇ ಚಿತ್ರ ತೋರಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆವು.

ಏಳನೆಯ ಚಿತ್ರದಲ್ಲಿ, ಸೆ ಕೆಥೆಡ್ರಲಿನ ಸರತಿಯ ಹತ್ತಿರ ಅಜ್ಜಿಯ ಪಕ್ಕ ಒಬ್ಬ ಹೆಂಗಸು ಕುಳಿತಿದ್ದಾರೆ. ಯಾರೆಂದು ನಮಗೆ ತಿಳಿದಿರಲಿಲ್ಲ. ಅಳಿಸಿಬಿಡೋಣವೇ ಎಂದೂ ಯೋಚಿಸಿದ್ದೆವು. ಅಜ್ಜಿ ಹೇಳಿದರು: "ಇವಳು ನನಗೆ ಫ್ಲಾಸ್ಕಿನಿಂದ ಚಹಾ ಕೊಟ್ಟವಳು. ಮಗ ದುಬೈಯಲ್ಲಂತೆ, ಊರಿಗೆ ಬಾರದೆ ಮೂರು ವರ್ಷವಾಯಿತಂತೆ. ಅವನಿಗಾಗಿ ಪ್ರಾರ್ಥಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ." ನಾವು ನೀರಿನ ಬಾಟಲಿ ಹುಡುಕಿಕೊಂಡು ಹೋದ ಆ ಅರ್ಧ ಗಂಟೆಯಲ್ಲಿ ಇಷ್ಟೆಲ್ಲ ನಡೆದಿತ್ತು! ಆ ಮಾತನ್ನೇ ಚಿತ್ರದ ಕೆಳಗೆ ಹಾಕಿದೆವು. ಪರರ ಮನೆಯ ವಿಷಯವಾದ್ದರಿಂದ ಪುಸ್ತಕವನ್ನು ನಮ್ಮ ಕುಟುಂಬದ ಹೊರಗೆ ಕೊಟ್ಟಿಲ್ಲ.

ಇತ್ತೀಚೆಗೆ ಅಜ್ಜಿಗೆ ಮರೆವು ಹೆಚ್ಚಾಗಿದೆ. ಗೋವಾಕ್ಕೆ ಹೋದದ್ದೇ ನೆನಪಿಲ್ಲದ ದಿನಗಳಿವೆ. ಆದರೆ ಪುಸ್ತಕ ಕೈಗೆ ಕೊಟ್ಟು ಏಳನೆಯ ಚಿತ್ರದ ಸಾಲು ಓದಿ ಹೇಳಿದರೆ, ಸ್ವಲ್ಪ ಹೊತ್ತು ನೋಡಿ, "ಅವಳ ಮಗ ಬಂದನೋ ಏನೋ" ಎನ್ನುತ್ತಾರೆ. ಮತ್ತೆ ಜಪಸರ ಕೈಗೆತ್ತಿಕೊಳ್ಳುತ್ತಾರೆ.

ಪ್ರಿಯ ಓದುಗರೇ, ನಿಮ್ಮ ಮೊಬೈಲಿನಲ್ಲೂ ಇಂಥ ಚಿತ್ರಗಳಿರಬಹುದು. ಎಲ್ಲವೂ ಬೇಡ, ಹತ್ತು ಹನ್ನೆರಡನ್ನು ಆರಿಸಿ. ಹೆಸರು ಬಲ್ಲವರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಿ. ನಮ್ಮ ಪುಸ್ತಕದ ಹದಿನೈದನೆಯ ಪುಟವನ್ನು ನಾವು ಖಾಲಿ ಬಿಟ್ಟಿದ್ದೇವೆ. ಓದಿದವರು ತಮಗೆ ನೆನಪಾದದ್ದನ್ನು ಅಲ್ಲಿ ಬರೆಯಲಿ ಎಂದು. ಮುಂಬೈಯ ಅತ್ತೆ ಕಳೆದ ಸಲ ಬಂದಾಗ ಮೊದಲ ಸಾಲು ಬರೆದು ಹೋಗಿದ್ದಾರೆ.